ಖಾಲಿ ಡಬ್ಬಿ, ದಪ್ಪ ಫೈಲು: ಗಂಡಸಿನ ‘ಟೆನ್ಷನ್’ ವೀರ್ಯಾಣುವನ್ನು ಮುಟ್ಟುವುದು ಹೇಗೆ

ಬೆಳಿಗ್ಗೆ ಹತ್ತೂವರೆಗೆ ಅವರಿಬ್ಬರೂ ಲ್ಯಾಬಿಗೆ ಬಂದರು. ಆಕೆಯ ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಅದರೊಳಗೆ ನಾಲ್ಕು ವರ್ಷದ ಸ್ಕ್ಯಾನಿಂಗ್, ಥೈರಾಯ್ಡ್, ಟ್ಯೂಬ್ ಟೆಸ್ಟ್ ಎಲ್ಲ ಸೇರಿದ ಅಂಗೈ ದಪ್ಪದ ಫೈಲು. ಆತನ ಕೈಯಲ್ಲಿ ಒಂದೇ ಒಂದು ಚೀಟಿ: ವೀರ್ಯ ಪರೀಕ್ಷೆ. ಮದುವೆಯಾಗಿ ಐದು ವರ್ಷಕ್ಕೆ ಆತನ ಹೆಸರಿನಲ್ಲಿ ವೈದ್ಯರು ಬರೆದ ಮೊದಲ ಚೀಟಿ ಅದು. ನಾನು ಅಗಲ ಬಾಯಿಯ ಡಬ್ಬಿ ಕೊಟ್ಟು ಮೂಲೆಯ ಕೋಣೆ ತೋರಿಸಿದೆ. ಕೋಣೆ ಎಂಬುದು ಮರ್ಯಾದೆಯ ಮಾತು, ಅದು ಶೌಚಾಲಯವೇ. ಚಿಲಕ ಸರಿಯಾಗಿ ಬೀಳುವುದಿಲ್ಲ. ಗೋಡೆಯಾಚೆ ರಕ್ತ ತೆಗೆಸಿಕೊಳ್ಳುವ ಮಕ್ಕಳ ಅಳು. ನಲವತ್ತು ನಿಮಿಷದ ಮೇಲೆ ಆತ ಹೊರಬಂದ. ಡಬ್ಬಿ ಖಾಲಿ.

“ಆಗಲಿಲ್ಲ ಸರ್” ಎಂದ, ನನ್ನ ಮೇಜಿನ ಕಾಲು ನೋಡುತ್ತಾ. ಬೆಂಚಿನಿಂದ ಎದ್ದು ಬಂದ ಆಕೆ, “ಟೆನ್ಷನ್ ಮಾಡಿಕೊಂಡಿದ್ದಾರೆ ಸರ್, ಅಷ್ಟೇ” ಎಂದಳು.

ಆತ ಬಳ್ಳಾರಿಯ ಜೀನ್ಸ್ ಹೊಲಿಗೆಯವನು. ಗುರುತು ಸಿಗದಿರಲೆಂದು ಉಳಿದ ವಿವರ ಬದಲಿಸಿದ್ದೇನೆ. ಆಕೆ ಹೇಳಿದ ‘ಟೆನ್ಷನ್’ ನಮ್ಮ ಕಡೆ ಎಲ್ಲಕ್ಕೂ ಸಲ್ಲುವ ಪದ. ಸಾಲಕ್ಕೂ ಟೆನ್ಷನ್, ಬಿಪಿಗೂ ಟೆನ್ಷನ್, ಕಾಲುವೆಗೆ ನೀರು ಬಿಡದಿದ್ದರೂ ಟೆನ್ಷನ್. ಮಕ್ಕಳಾಗದ ಮನೆಯಲ್ಲಂತೂ ಅದು ರೋಗವೂ ಹೌದು, ಔಷಧದ ಚೀಟಿಯೂ ಹೌದು: “ಟೆನ್ಷನ್ ಬಿಡಿ, ತಾನಾಗೇ ಆಗುತ್ತದೆ.” ಇಪ್ಪತ್ತು ವರ್ಷ ಸೂಕ್ಷ್ಮದರ್ಶಕದ ಕೆಳಗೆ ವೀರ್ಯಾಣು ಎಣಿಸಿದವನಾಗಿ ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ಮಾತು ಪೂರ್ತಿ ಸುಳ್ಳಾಗಿದ್ದರೆ ತಳ್ಳಿಹಾಕಬಹುದಿತ್ತು. ಅದು ಅರ್ಧ ನಿಜ. ಮನಸ್ಸು ಗಂಡಸಿನ ಸಂತಾನಶಕ್ತಿಯನ್ನು ಮುಟ್ಟುತ್ತದೆ, ಆದರೆ ಜನ ಅಂದುಕೊಂಡ ದಾರಿಯಿಂದಲ್ಲ.

ಮೊದಲು ಆ ಖಾಲಿ ಡಬ್ಬಿಯನ್ನೇ ನೋಡೋಣ. ನಿಮಿರುವಿಕೆ ಬಲ ಹಾಕಿ ಮಾಡುವ ಕೆಲಸವಲ್ಲ, ಸಡಿಲಾದಾಗ ಆಗುವ ಕೆಲಸ. ಶಿಶ್ನದೊಳಗಿನ ಸಣ್ಣ ಸ್ನಾಯುಗಳು ಸಡಿಲಗೊಂಡರೆ ರಕ್ತ ಒಳನುಗ್ಗಿ ಅಲ್ಲೇ ನಿಲ್ಲುತ್ತದೆ. ಈ ಸಡಿಲಿಕೆಯ ಆಜ್ಞೆ ಬರುವುದು ಊಟ ಜೀರ್ಣವಾಗುವಾಗ, ನಿದ್ದೆ ಹತ್ತುವಾಗ ಕೆಲಸ ಮಾಡುವ ನರಜಾಲದಿಂದ. ಹೆದರಿಕೆಯದು ಬೇರೆ ಜಾಲ. ನಾಯಿ ಅಟ್ಟಿಸಿಕೊಂಡು ಬಂದಾಗ ಓಡಿಸುವ ಅಡ್ರಿನಲಿನ್ ಅದೇ ಸ್ನಾಯುಗಳನ್ನು ಬಿಗಿಯುತ್ತದೆ, ರಕ್ತ ವಾಪಸ್ ಹೋಗುತ್ತದೆ. ನಾಯಿ ನಿಜವಾದದ್ದೇ ಆಗಬೇಕಿಲ್ಲ. “ಹೊರಗೆ ಆಕೆ ಕಾಯುತ್ತಿದ್ದಾಳೆ, ಲ್ಯಾಬಿನವರು ಗಡಿಯಾರ ನೋಡುತ್ತಿದ್ದಾರೆ” ಎಂಬ ಯೋಚನೆಯೇ ಸಾಕು. ಅಂದರೆ ಆತನ ದೇಹ ಕೆಟ್ಟಿರಲಿಲ್ಲ, ಹೆದರಿದಾಗ ಮಾಡಬೇಕಾದದ್ದನ್ನು ಅಚ್ಚುಕಟ್ಟಾಗಿ ಮಾಡಿತ್ತು.

ವೈದ್ಯರು ಇಂಥವರನ್ನು ಕೇಳುವ ಮೊದಲ ಪ್ರಶ್ನೆ ಬೆಳಗಿನ ಜಾವದ್ದು. ಎಚ್ಚರವಾದಾಗ ನಿಮಿರುವಿಕೆ ಇರುತ್ತದೆಯೇ? ಒಬ್ಬನೇ ಇದ್ದಾಗ ತೊಂದರೆ ಇಲ್ಲವೇ? ಹೌದು ಎಂದರೆ ನರ, ರಕ್ತನಾಳಗಳು ಬಹುಮಟ್ಟಿಗೆ ಸರಿ ಇವೆ, ಅಡ್ಡ ಬರುತ್ತಿರುವುದು ಹೆದರಿಕೆ. ಬೆಳಗಿನ ಹೊತ್ತೂ ಇಲ್ಲ ಎಂದರೆ ಸಕ್ಕರೆ ಕಾಯಿಲೆ, ಬಿಪಿ, ಹಾರ್ಮೋನು ನೋಡಬೇಕು. ಇಷ್ಟು ಸರಳ ಪ್ರಶ್ನೆಯನ್ನು ಕೇಳಿಸಿಕೊಳ್ಳಲೂ ನಮ್ಮ ಗಂಡಸರಿಗೆ ಐದು ವರ್ಷ ಬೇಕಾಗುತ್ತದೆ.

ಮೂರು ಕೆಲಸ, ಒಂದೇ ಹೆಸರು

ತಡವಾಗುವುದಕ್ಕೆ ಒಂದು ಕಾರಣ ನಮ್ಮ ಮಾತಿನಲ್ಲೇ ಇದೆ. ಹೆಣ್ಣಿಗೆ ‘ಬಂಜೆ’ ಎಂಬ ಪದವಿದೆ, ಮನೆಮಂದಿಯೆಲ್ಲ ಸಲೀಸಾಗಿ ಎಸೆಯುತ್ತಾರೆ. ಗಂಡಿಗೆ ಅಂಥ ಬಳಕೆಯ ಪದವಿಲ್ಲ. ಇರುವುದು ‘ಗಂಡಸ್ತನ’ ಎಂಬ ಒಂದೇ ಮೂಟೆ. ನಿಮಿರುವುದು, ಸ್ಖಲನವಾಗುವುದು, ವೀರ್ಯದಲ್ಲಿ ವೀರ್ಯಾಣು ಇರುವುದು ಎಂಬ ಮೂರು ಬೇರೆ ಬೇರೆ ಕೆಲಸಗಳನ್ನು ಆ ಮೂಟೆಯೊಳಗೆ ಕಟ್ಟಿಬಿಟ್ಟಿದ್ದೇವೆ. ಹಾಗಾಗಿ ಹಾಸಿಗೆಯಲ್ಲಿ ಯಾವ ತೊಂದರೆಯೂ ಇಲ್ಲದವನು “ನನಗೇಕೆ ಪರೀಕ್ಷೆ?” ಎನ್ನುತ್ತಾನೆ. ಪರೀಕ್ಷೆಯಲ್ಲಿ ಕೌಂಟ್, ಅಂದರೆ ವೀರ್ಯಾಣು ಸಂಖ್ಯೆ, ಕಡಿಮೆ ಬಂದವನು ಅಂದು ರಾತ್ರಿಯಿಂದಲೇ ಹಾಸಿಗೆಯಲ್ಲೂ ಸೋಲತೊಡಗುತ್ತಾನೆ.

ವಾಸ್ತವದಲ್ಲಿ ಸ್ಖಲನವಾದ ದ್ರವದಲ್ಲಿ ವೀರ್ಯಾಣುವಿನ ಪಾಲು ಶೇ 5ರೊಳಗೆ. ಉಳಿದದ್ದೆಲ್ಲ ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳು ಸುರಿಸುವ ರಸ. ಅದಕ್ಕೇ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಪ್ರಮಾಣದಲ್ಲಾಗಲೀ ಸುಖದಲ್ಲಾಗಲೀ ವ್ಯತ್ಯಾಸ ಕಾಣುವುದಿಲ್ಲ. ಕಣ್ಣಿಗೆ ಗಟ್ಟಿಯಾಗಿ ಕಂಡ ಮಾದರಿಯಲ್ಲಿ ಒಂದೂ ವೀರ್ಯಾಣು ಇಲ್ಲದ್ದನ್ನು ನೋಡಿದ್ದೇನೆ. ನಿಮಿರುವಿಕೆಯ ತೊಂದರೆ ಎಂದು ಕುಗ್ಗಿ ಬಂದವನ ಡಬ್ಬಿಯಲ್ಲಿ ಮಿಲಿಲೀಟರಿಗೆ 8 ಕೋಟಿ ಚುರುಕಾಗಿ ಓಡಾಡುವುದನ್ನೂ ನೋಡಿದ್ದೇನೆ.

ಮಿದುಳಿನಿಂದ ಟೇಲ್ ಎಂಡ್‌ವರೆಗೆ

ಇನ್ನು ಮೂರನೆಯ ಕೆಲಸ, ವೀರ್ಯಾಣು ತಯಾರಾಗುವುದು. ರಾಯಚೂರು, ಕೊಪ್ಪಳದವರಿಗೆ ಇದನ್ನು ತುಂಗಭದ್ರಾ ಎಡದಂಡೆ ಕಾಲುವೆಯ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಮಿದುಳಿನ ಬುಡದಲ್ಲಿ ಹೈಪೊಥಲಾಮಸ್ ಎಂಬ ಜಾಗವಿದೆ. ಅದು ಅಣೆಕಟ್ಟೆ. ಅಲ್ಲಿಂದ ಒಂದು ಹಾರ್ಮೋನು ಸದಾ ಸುರಿಯುವುದಿಲ್ಲ. ಗಂಟೆ, ಎರಡು ಗಂಟೆಗೊಮ್ಮೆ ಪಾಳಿಯ ಮೇಲೆ ಬಿಟ್ಟಂತೆ ಬರುತ್ತದೆ. ಅದರ ಕೆಳಗಿನ ಪಿಟ್ಯುಟರಿ ಗ್ರಂಥಿ ವಿತರಣಾ ಕಾಲುವೆ. ಅದು ಆ ಪಾಳಿ ನೋಡಿಕೊಂಡು ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ಕೊನೆಗೆ ಗದ್ದೆ, ಅಂದರೆ ವೃಷಣ. ಒಂದು ಹಾರ್ಮೋನು ಅಲ್ಲಿ ಗಂಡಸಿನ ಹಾರ್ಮೋನಾದ ಟೆಸ್ಟೊಸ್ಟೆರಾನ್ ತಯಾರಾಗುವಂತೆ ಮಾಡುತ್ತದೆ, ಇನ್ನೊಂದು ವೀರ್ಯಾಣುಗಳನ್ನು ಸಾಕುವ ಕೋಶಗಳಿಗೆ ಉಣಿಸುತ್ತದೆ.

ಒತ್ತಡ ಬಂದಾಗ ಮಿದುಳು ಇನ್ನೊಂದು ಕಾಲುವೆ ತೆರೆಯುತ್ತದೆ. ಅದರ ತುದಿಯಲ್ಲಿ ಮೂತ್ರಪಿಂಡದ ಮೇಲೆ ಕುಳಿತ ಅಡ್ರಿನಲ್ ಗ್ರಂಥಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಬಿಡುತ್ತದೆ. ಜೀವ ಉಳಿಸಿಕೊಳ್ಳುವ ಹೊತ್ತಿನಲ್ಲಿ ಸಂತಾನದ ಖರ್ಚು ಬೇಡ ಎಂಬ ಹಳೆಯ ಲೆಕ್ಕಾಚಾರ ದೇಹದ್ದು. ಕಾರ್ಟಿಸಾಲ್ ತಿಂಗಳುಗಟ್ಟಲೆ ಏರಿಯೇ ಇದ್ದರೆ ಅಣೆಕಟ್ಟೆಯ ಪಾಳಿ ತಪ್ಪುತ್ತದೆ, ವೃಷಣದಲ್ಲಿ ಟೆಸ್ಟೊಸ್ಟೆರಾನ್ ತಯಾರಿಯೂ ಕುಗ್ಗುತ್ತದೆ. ಮೇಲೆ ಗೇಜ್, ಅಂದರೆ ನೀರಿನ ಮಟ್ಟ, ಸ್ವಲ್ಪ ಇಳಿದರೆ ಮೊದಲು ಒಣಗುವುದು ಯಾರ ಗದ್ದೆ ಎಂದು ಕಾಲುವೆಯ ಟೇಲ್ ಎಂಡ್, ಅಂದರೆ ಕೊನೆಯ ಭಾಗದ ಮಾನ್ವಿ, ಸಿರವಾರದ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನೊಂದು ಹಾನಿ ವೀರ್ಯಾಣುವಿನ ಮೈಗೇ ತಗಲುವಂಥದ್ದು. ವೀರ್ಯಾಣು ಹಗುರವಾಗಿ ಓಡಬೇಕಾದ ಜೀವಕೋಶ, ಹೊರೆಯೆಲ್ಲ ಇಳಿಸಿ ಹೊರಟಿರುತ್ತದೆ. ಕಬ್ಬಿಣಕ್ಕೆ ತುಕ್ಕು ಹಿಡಿಸುವ ಬಗೆಯ ಆಮ್ಲಜನಕದ ಉಗ್ರ ಕಣಗಳನ್ನು ತಡೆಯುವ ಸರಕನ್ನು ಉಳಿದ ಕೋಶಗಳು ಒಳಗೆ ಇಟ್ಟುಕೊಂಡಿರುತ್ತವೆ. ಇದರ ಬಳಿ ಅದು ಬಹಳ ಕಡಿಮೆ. ಅದರ ಹೊರಪದರವೋ ಬೇಗ ಕೆಡುವ ಕೊಬ್ಬಿನಿಂದ ಆದದ್ದು. ದೀರ್ಘಕಾಲದ ಒತ್ತಡ, ಅದರ ಜೊತೆ ಬರುವ ಸಿಗರೇಟು, ನಿದ್ದೆಗೇಡು ಇಂಥ ಕಣಗಳನ್ನು ಹೆಚ್ಚಿಸುತ್ತವೆ. ಬಾಲದ ಚಲನೆ ಮಂದವಾಗುತ್ತದೆ, ತಲೆಯೊಳಗಿನ ಡಿಎನ್‌ಎ ಎಳೆಗಳು ತುಂಡಾಗುತ್ತವೆ. ಎರಡನೆಯದು ಸಾಮಾನ್ಯ ವೀರ್ಯ ಪರೀಕ್ಷೆಯಲ್ಲಿ ಕಾಣುವುದೇ ಇಲ್ಲ.

ಸಮಯದ ಲೆಕ್ಕವೂ ಗೊತ್ತಿರಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ, ಒಂದು ಹೆಸರು ಬೆಳೆಯಷ್ಟು. ಅದು ಮಾಗಿ ಹೊರಬರಲು ಮೇಲೆ ಒಂದೆರಡು ವಾರ. ಆದ್ದರಿಂದ ಇಂದಿನ ರಿಪೋರ್ಟು ಇಂದಿನ ಮನಸ್ಸಿನದಲ್ಲ. ಮೂರು ತಿಂಗಳ ಹಿಂದಿನಿಂದ ಈವರೆಗೆ ನಡೆದದ್ದರ ವರದಿ. “ನಿನ್ನೆ ಜಗಳವಾಗಿತ್ತು, ಅದಕ್ಕೇ ಕೌಂಟ್ ಇಳಿದಿದೆ” ಎನ್ನುವವರಿಗೆ ನಾನು ಕ್ಯಾಲೆಂಡರ್ ತೋರಿಸುತ್ತೇನೆ. ನಿನ್ನೆಯ ಜಗಳ ಡಬ್ಬಿಯನ್ನು ಖಾಲಿ ಮಾಡಬಲ್ಲದು, ಆ ಹೊತ್ತಿಗಾಗಲೇ ತಯಾರಾಗಿರುವ ವೀರ್ಯಾಣುವನ್ನು ಅಳಿಸಲಾರದು.

ಹಾಗಾದರೆ ಸಾಕ್ಷಿ ಎಷ್ಟು ಗಟ್ಟಿ?

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ಆಮೇಲಿನ ಒಂದು ವಾರ ಈ ಮೂರು ಜಿಲ್ಲೆಗಳಲ್ಲಿ ನಾಟಿ ಮಾಡಿದ ಯಾವ ರೈತನೂ ನೆಟ್ಟಗೆ ನಿದ್ದೆ ಮಾಡಿರಲಿಕ್ಕಿಲ್ಲ. ಆ ನವೆಂಬರಿನಲ್ಲಿ ಪರೀಕ್ಷೆಗೆ ಬಂದ ಸಿರುಗುಪ್ಪ ಕಡೆಯ ಒಬ್ಬರ ವೀರ್ಯಾಣು ಚಲನೆ ಹಿಂದಿನ ರಿಪೋರ್ಟಿಗಿಂತ ಅರ್ಧಕ್ಕೆ ಇಳಿದಿತ್ತು. “ಗೇಟಿನ ಚಿಂತೆ ಸರ್” ಎಂದರು. ಕಥೆ ಚೆನ್ನಾಗಿ ಹೊಂದುತ್ತದೆ. ಆದರೆ ಅವರಿಗೆ ಸೆಪ್ಟೆಂಬರಿನಲ್ಲಿ ಡೆಂಗಿ ಜ್ವರವೂ ಬಂದಿತ್ತು. ಜೋರು ಜ್ವರ ಎರಡು ಮೂರು ತಿಂಗಳು ವೀರ್ಯಾಣುವನ್ನು ಕೆಡಿಸುವುದು ಚೆನ್ನಾಗಿ ಗೊತ್ತಿರುವ ಸಂಗತಿ. ವೃಷಣಗಳು ಮೈಯ ಶಾಖಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ತಂಪಾಗಿರಬೇಕು. ಗೇಟೋ ಜ್ವರವೋ? ಒಬ್ಬನ ಒಂದು ರಿಪೋರ್ಟಿನಿಂದ ಹೇಳಲು ಬರುವುದಿಲ್ಲ. ಕಾಯಿಲೆ ಏನೂ ಇಲ್ಲದವನ ಎರಡು ಮಾದರಿಗಳೇ ಒಂದಕ್ಕೊಂದು ದುಪ್ಪಟ್ಟು ವ್ಯತ್ಯಾಸದಲ್ಲಿ ಬರುವುದುಂಟು.

ಅದಕ್ಕೇ ಗುಂಪುಗಳನ್ನು ನೋಡಬೇಕಾಗುತ್ತದೆ. 1995ರ ಜನವರಿಯಲ್ಲಿ ಜಪಾನಿನ ಕೋಬೆಯಲ್ಲಿ ಭೂಕಂಪವಾಯಿತು. ಅಲ್ಲಿನ ಚಿಕಿತ್ಸಾಲಯದಲ್ಲಿ ಭೂಕಂಪಕ್ಕೆ ಮುಂಚೆಯೇ ಪರೀಕ್ಷೆ ಮಾಡಿಸಿಕೊಂಡಿದ್ದ ಗಂಡಸರನ್ನು ವೈದ್ಯರು ಮತ್ತೆ ಪರೀಕ್ಷಿಸಿದರು. ಮನೆಗೆ ಹಾನಿಯಾದವರ ವೀರ್ಯಾಣು ಚಲನೆ ಇಳಿದಿತ್ತು, ಕೆಲವು ತಿಂಗಳಲ್ಲಿ ಚೇತರಿಸಿತು. ಗುಂಪು ಚಿಕ್ಕದು, ಆದರೆ ಮುಂಚಿನ ರಿಪೋರ್ಟು ಕೈಯಲ್ಲಿದ್ದದ್ದು ಅದರ ಬಲ. 2016ರಲ್ಲಿ ಡೆನ್ಮಾರ್ಕಿನ 1,215 ಯುವಕರ ಅಧ್ಯಯನ ಪ್ರಕಟವಾಯಿತು. ಅತಿ ಹೆಚ್ಚು ಒತ್ತಡ ಹೇಳಿಕೊಂಡವರ ವೀರ್ಯಾಣು ಸಾಂದ್ರತೆ ಮಧ್ಯಮ ಒತ್ತಡದವರಿಗಿಂತ ಶೇ 38ರಷ್ಟು ಕಡಿಮೆ ಇತ್ತು. ಅದಕ್ಕೂ ಹಿಂದೆ ಅದೇ ದೇಶದಲ್ಲಿ ಮೊದಲ ಮಗುವಿಗೆ ಪ್ರಯತ್ನಿಸುತ್ತಿದ್ದ ದಂಪತಿಗಳನ್ನು ಹಿಂಬಾಲಿಸಿದ ಇನ್ನೊಂದು ಅಧ್ಯಯನಕ್ಕೆ ದಿನನಿತ್ಯದ ಒತ್ತಡದಿಂದ ಹೇಳಿಕೊಳ್ಳುವಂಥ ಪರಿಣಾಮ ಸಿಕ್ಕಿರಲಿಲ್ಲ.

ನನ್ನ ಓದು ಇಷ್ಟು: ಆಫೀಸಿನ ಕಿರಿಕಿರಿ, ಟ್ರಾಫಿಕ್ಕಿನ ಸಿಟ್ಟು ವೀರ್ಯಾಣುವನ್ನು ಕೊಲ್ಲುವುದಿಲ್ಲ. ಸಾವು, ಸಾಲ, ತಿಂಗಳುಗಟ್ಟಲೆ ಬಿಡದ ಖಿನ್ನತೆ ಇಂಥವು ಗುಣಮಟ್ಟವನ್ನು ಸ್ವಲ್ಪ ಕೆಳಗೆ ಎಳೆಯುತ್ತವೆ. ಮೊದಲೇ ಸಮೃದ್ಧಿ ಇದ್ದವನಿಗೆ ಆ ಇಳಿಕೆ ಲೆಕ್ಕಕ್ಕಿಲ್ಲ, ಅಂಚಿನಲ್ಲಿ ಇದ್ದವನಿಗೆ ಲೆಕ್ಕಕ್ಕುಂಟು. ಇನ್ನೊಂದು ತೊಡಕೂ ಇದೆ. ಮಕ್ಕಳಾಗದಿರುವುದೇ ಒತ್ತಡ ತರುವುದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂದು ಬಿಡಿಸುವುದು ಕಷ್ಟ. 2018ರಲ್ಲಿ ಅಮೆರಿಕದಲ್ಲಿ ಬಂಜೆತನಕ್ಕೆ ಚಿಕಿತ್ಸೆ ಪಡೆಯುತ್ತಿದ್ದ ದಂಪತಿಗಳ ಅಧ್ಯಯನ ಒಂದು ಅನಿರೀಕ್ಷಿತ ಸಂಗತಿ ಹೇಳಿತು. ಹೆಂಡತಿಯ ಖಿನ್ನತೆ ಫಲಿತಾಂಶವನ್ನು ತಗ್ಗಿಸಲಿಲ್ಲ; ಗಂಡನಿಗೆ ತೀವ್ರ ಖಿನ್ನತೆ ಇದ್ದಲ್ಲಿ ಮಗು ಹುಟ್ಟುವ ಸಾಧ್ಯತೆ ಕಡಿಮೆಯಾಗಿತ್ತು. ಅಂಥ ಗಂಡಸರ ಸಂಖ್ಯೆ ಚಿಕ್ಕದಾದ್ದರಿಂದ ಇದನ್ನು ಕಲ್ಲಿನಲ್ಲಿ ಕೊರೆಯಬೇಕಿಲ್ಲ. ಆದರೂ “ನೀನು ಚಿಂತೆ ಮಾಡುವುದಕ್ಕೇ ಆಗುತ್ತಿಲ್ಲ” ಎಂದು ಸೊಸೆಯನ್ನು ಬಯ್ಯುವ ಅತ್ತೆಯರಿಗೆ ಯಾರಾದರೂ ಓದಿ ಹೇಳಲಿ.

ಗೋಡೆ ಬರಹದ ವೈದ್ಯರು

ವೀರ್ಯಾಣುವಿಗೆ ದೊಡ್ಡ ಪೆಟ್ಟು ಬೀಳುವುದು ಕಾರ್ಟಿಸಾಲಿನಿಂದಲ್ಲ, ಚಿಂತೆ ಹತ್ತಿದವನು ಏನು ಮಾಡುತ್ತಾನೆ ಎಂಬುದರಿಂದ. ಕುಡಿತ, ಗುಟ್ಕಾ, ಬೀಡಿ ಗೊತ್ತಿರುವವೇ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲೋ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲೋ ವಾರಕ್ಕೊಂದು ಪಾಳಿ ಬದಲಿಸುವವರ ನಿದ್ದೆಗೇಡೂ ಅದೇ ಸಾಲಿನದು. ಇವುಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಯಾರೂ ಹೇಳದ ಎರಡನ್ನು ನಾನು ಹೇಳಬೇಕು.

ನಮ್ಮ ಯಾವ ಬಸ್ ನಿಲ್ದಾಣದ ಕಾಂಪೌಂಡ್ ನೋಡಿದರೂ ಸುಣ್ಣದ ಮೇಲೆ ನೀಲಿ ಅಕ್ಷರ: ನರ ದೌರ್ಬಲ್ಯ, ಧಾತು ನಷ್ಟ, ಶೀಘ್ರ ಸ್ಖಲನ, ಗುಪ್ತ ರೋಗ, ತಿಂಗಳ ಇಂಥ ತಾರೀಖು ಇಂಥ ಲಾಡ್ಜಿನಲ್ಲಿ ಭೇಟಿ. ಈ ವ್ಯಾಪಾರದ ಬಂಡವಾಳ ಒಂದು ಹಳೆಯ ಹೆದರಿಕೆ. ಆಯುರ್ವೇದದ ಸಪ್ತಧಾತುಗಳಲ್ಲಿ ಶುಕ್ರ ಕೊನೆಯದು, ಎಲ್ಲದರ ಸಾರ. ಅದರಿಂದ ‘ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ’ ಎಂಬ ಲೆಕ್ಕ ಬಾಯಿಂದ ಬಾಯಿಗೆ ಹುಟ್ಟಿತು. ಹದಿಹರೆಯದಲ್ಲಿ ಸ್ವಪ್ನಸ್ಖಲನವಾದಾಗ, ಹಸ್ತಮೈಥುನ ಮಾಡಿಕೊಂಡಾಗ ಹುಡುಗನ ತಲೆಗೆ ಹೊಕ್ಕ ಈ ಲೆಕ್ಕ ಮದುವೆಯ ದಿನ ಹೊರಬರುತ್ತದೆ: ಎಲ್ಲ ಆಗಲೇ ಕಳೆದುಕೊಂಡೆನಲ್ಲ! ಸುಸ್ತು, ಮೈನೋವು, ಎದೆಬಡಿತ, ನಿಮಿರದಿರುವುದು ಎಲ್ಲಕ್ಕೂ ಅದೇ ಕಾರಣವೆಂದು ನಂಬುತ್ತಾನೆ. ಮನೋವೈದ್ಯ ನರೇಂದ್ರನಾಥ್ ವಿಗ್ 1960ರಲ್ಲಿ ಇದಕ್ಕೆ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೃಷಣಗಳು ಸೆಕೆಂಡಿಗೆ ಸಾವಿರಕ್ಕೂ ಹೆಚ್ಚು ವೀರ್ಯಾಣು ತಯಾರಿಸುತ್ತವೆ, ಹೊರಹೋಗದವನ್ನು ದೇಹ ಒಳಗೇ ಕರಗಿಸಿಕೊಳ್ಳುತ್ತದೆ. ಕೂಡಿಡುವ ಖಜಾನೆ ಅಲ್ಲಿಲ್ಲ. ತಿಂಗಳುಗಟ್ಟಲೆ ತಡೆಹಿಡಿದರೆ ಸಂಖ್ಯೆ ಸ್ವಲ್ಪ ಏರಬಹುದು, ಆದರೆ ಹಳತಾದವು ಸೇರಿಕೊಂಡು ಚಲನೆ ಕುಂದುತ್ತದೆ, ಡಿಎನ್‌ಎ ಹೆಚ್ಚು ಹಾಳಾಗಿರುತ್ತದೆ. ‘ಶಕ್ತಿ ಉಳಿಸಿಕೊಂಡು’ ತಿಂಗಳಿಗೊಮ್ಮೆ ಕೂಡುವ ದಂಪತಿಗಳಿಗೆ ಗರ್ಭ ನಿಲ್ಲದಿರುವುದು ಹೀಗೆ.

ಎರಡನೆಯದು ಇನ್ನೂ ಅಪಾಯದ್ದು. ಕೌಂಟ್ ಕಡಿಮೆ ಎಂದು ಕುಗ್ಗಿದವನಿಗೆ ಜಿಮ್ಮಿನಲ್ಲೋ ಮೆಡಿಕಲ್ ಸ್ಟೋರಿನಲ್ಲೋ ಯಾರಾದರೂ ‘ಗಂಡಸಿನ ಹಾರ್ಮೋನು’ ಇಂಜೆಕ್ಷನ್ ಹೇಳುತ್ತಾರೆ. ಕೇಳಿದರೆ ಸರಿಯೇ ಅನ್ನಿಸುತ್ತದೆ: ಟೆಸ್ಟೊಸ್ಟೆರಾನ್ ಕಡಿಮೆ ಇದ್ದರೆ ಟೆಸ್ಟೊಸ್ಟೆರಾನ್ ಹಾಕಬೇಕಲ್ಲವೇ? ಕಾಲುವೆಗೆ ಮರಳಿ ನೋಡಿ. ಹೊರಗಿನಿಂದ ಟ್ಯಾಂಕರ್ ನೀರು ಸುರಿದರೆ ಅಣೆಕಟ್ಟೆಯವರು “ಓಹೋ, ನೀರು ಸಾಕಷ್ಟಿದೆ” ಎಂದು ಗೇಟು ಇಳಿಸುತ್ತಾರೆ. ರಕ್ತದಲ್ಲಿ ಟೆಸ್ಟೊಸ್ಟೆರಾನ್ ಏರಿದ್ದನ್ನು ಕಂಡ ಮಿದುಳು ಕೆಳಗಿನ ಎರಡೂ ಹಾರ್ಮೋನು ನಿಲ್ಲಿಸುತ್ತದೆ. ವೃಷಣದೊಳಗೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೊಸ್ಟೆರಾನ್ ಇರಬೇಕು, ಅದು ಕುಸಿಯುತ್ತದೆ. ಕೆಲವೇ ತಿಂಗಳಲ್ಲಿ ನಿಲ್ ಕೌಂಟ್. ಈ ಪರಿಣಾಮ ಎಷ್ಟು ನಂಬಿಕಸ್ಥ ಎಂದರೆ ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಇದೇ ಇಂಜೆಕ್ಷನ್ನನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತ್ತು. ತೋಳು ದಪ್ಪವಾಗಿ, ಮುಖ ಹೊಳೆಯುತ್ತಾ ಬಂದ ಇಪ್ಪತ್ತೆಂಟರ ಹುಡುಗನ ಸ್ಲೈಡಿನಲ್ಲಿ ಒಂದೂ ಚಲಿಸದಿದ್ದಾಗ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಇಂಜೆಕ್ಷನ್ ನಿಲ್ಲಿಸಿದರೆ ಬಹುತೇಕರಿಗೆ ಮರಳಿ ಬರುತ್ತದೆ, ಆದರೆ ಆರು ತಿಂಗಳಿಂದ ವರ್ಷ, ಕೆಲವರಿಗೆ ಅದಕ್ಕೂ ಹೆಚ್ಚು.

ಖಿನ್ನತೆಯ ಮಾತ್ರೆಗಳ ಬಗ್ಗೆ ಒಂದೆರಡು ಮಾತು. ಕೆಲವು ಸ್ಖಲನವನ್ನು ತಡಮಾಡುತ್ತವೆ. ಪ್ಯಾರೊಕ್ಸೆಟಿನ್ ಎಂಬುದನ್ನು 35 ಆರೋಗ್ಯವಂತ ಗಂಡಸರಿಗೆ ಕೊಟ್ಟು ನೋಡಿದ 2010ರ ಅಧ್ಯಯನದಲ್ಲಿ ಕೌಂಟ್ ಇಳಿಯಲಿಲ್ಲ, ಡಿಎನ್‌ಎ ತುಂಡಾದ ವೀರ್ಯಾಣುಗಳ ಪಾಲು ಏರಿತು. ಹಾಗೆಂದು ಮಾತ್ರೆಯನ್ನು ತಾವೇ ಬಿಟ್ಟುಬಿಡುವುದು ಬೇಡ, ಚಿಕಿತ್ಸೆಯಿಲ್ಲದೆ ಬಿಟ್ಟ ಖಿನ್ನತೆ ಮಾತ್ರೆಗಿಂತ ಕೆಟ್ಟದ್ದು. ಮಗುವಿಗೆ ಪ್ರಯತ್ನಿಸುತ್ತಿದ್ದೇವೆ ಎಂದು ಮನೋವೈದ್ಯರಿಗೆ ಹೇಳಿದರೆ ಬದಲಿ ಮಾತ್ರೆಗಳಿವೆ.

ಹನ್ನೆರಡನೆಯ ದಿನದ ಫೋನು

ಗರ್ಭ ನಿಲ್ಲಬಹುದಾದ್ದು ತಿಂಗಳಲ್ಲಿ ಸುಮಾರು ಆರು ದಿನ, ಅಂಡ ಬಿಡುಗಡೆಯ ದಿನವೂ ಸೇರಿ. ಇದು ಗೊತ್ತಾದ ಮೇಲೆ ಮಲಗುವ ಕೋಣೆಗೆ ಕ್ಯಾಲೆಂಡರ್ ಬರುತ್ತದೆ. “ಇವತ್ತು ಹನ್ನೆರಡನೇ ದಿನ, ಬೇಗ ಬನ್ನಿ” ಎಂದು ಅಂಗಡಿಗೆ ಫೋನು. ಮೊದಲ ತಿಂಗಳು ನಗುತ್ತಾ ಹೋದವನು ಆರನೆಯ ತಿಂಗಳು ಗೋಡೌನಿನಲ್ಲಿ ಕೆಲಸ ಹುಡುಕಿಕೊಳ್ಳುತ್ತಾನೆ. ಉಳಿದ ದಿನಗಳಲ್ಲಿ ತೊಂದರೆಯಿಲ್ಲ, ಆ ನಾಲ್ಕೈದು ದಿನ ಮಾತ್ರ ಆಗುವುದಿಲ್ಲ. ಇಲ್ಲಿ ಕೌಂಟ್ ಸರಿ, ಚಲನೆ ಸರಿ, ಹೆಂಡತಿಯ ಫೈಲೂ ಸರಿ. ವೀರ್ಯಾಣು ಇರಬೇಕಾದ ದಿನ ಇರಬೇಕಾದ ಜಾಗಕ್ಕೆ ಹೋಗುತ್ತಿಲ್ಲ ಅಷ್ಟೇ. ಮನಸ್ಸು ಸಂತಾನಕ್ಕೆ ಅಡ್ಡಬರುವ ಅತಿ ಸಾಮಾನ್ಯ ದಾರಿ ಇದೇ ಇರಬಹುದೆಂದು ನನ್ನ ಅಂದಾಜು. ಯಾವ ಲ್ಯಾಬೂ ಇದನ್ನು ರಿಪೋರ್ಟಿನಲ್ಲಿ ಬರೆಯಲಾರದು. ಎರಡು ಮೂರು ದಿನಕ್ಕೊಮ್ಮೆ ಸೇರುತ್ತಿದ್ದರೆ ಕ್ಯಾಲೆಂಡರೇ ಬೇಡ, ಆ ಆರು ದಿನದೊಳಗೆ ಒಂದೆರಡು ಸಲ ತಾನಾಗಿಯೇ ಬಂದಿರುತ್ತದೆ.

ಇದಕ್ಕೆ ಚಿಕಿತ್ಸೆಯಿದೆ, ಅದು ಐವತ್ತು ವರ್ಷಕ್ಕೂ ಹಳೆಯದು. ಅಮೆರಿಕದ ಮಾಸ್ಟರ್ಸ್ ಮತ್ತು ಜಾನ್ಸನ್ ಜೋಡಿ ರೂಪಿಸಿದ ಪದ್ಧತಿಯಲ್ಲಿ ಮೊದಲ ಕೆಲವು ವಾರ ಸಂಭೋಗವನ್ನೇ ನಿಷೇಧಿಸುತ್ತಾರೆ. ಮುಟ್ಟುವುದು, ಮಾತಾಡುವುದು ಮಾತ್ರ. ಪರೀಕ್ಷೆಯೇ ಇಲ್ಲ ಎಂದ ಮೇಲೆ ಫೇಲಾಗುವ ಹೆದರಿಕೆ ಎಲ್ಲಿಂದ? ದೇಹ ತನ್ನ ಕೆಲಸಕ್ಕೆ ಮರಳುತ್ತದೆ. ಅಗತ್ಯವಿದ್ದರೆ ವೈದ್ಯರು ಕೆಲದಿನ ಮಾತ್ರೆಯನ್ನೂ ಕೊಡುತ್ತಾರೆ.

ಅಂದಹಾಗೆ, ರಾಯಚೂರು, ಕೊಪ್ಪಳದ ಹಳ್ಳಿಗಳಿಂದ ಗುಳೆ ಹೋಗುವವರ ಲೆಕ್ಕ ಬೇರೆಯೇ. ಬಂಜೆತನ ಎನ್ನಬೇಕಾದರೆ ಗರ್ಭನಿರೋಧಕವಿಲ್ಲದೆ 12 ತಿಂಗಳು ನಿಯಮಿತವಾಗಿ ಕೂಡಿರಬೇಕು. ಆತ ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ, ಆಕೆ ಊರಿನಲ್ಲಿ. ಮದುವೆಯಾಗಿ ಮೂರು ವರ್ಷವಾದರೂ ಒಟ್ಟಿಗೆ ಇದ್ದದ್ದು ಜಾತ್ರೆ, ಉಗಾದಿ, ದೀಪಾವಳಿ ಸೇರಿ ನಾಲ್ಕು ತಿಂಗಳು. ಇದು ಮನಸ್ಸಿನ ರೋಗವೂ ಅಲ್ಲ, ದೇಹದ್ದೂ ಅಲ್ಲ. ಆದರೂ ಹುಲಿಗೆಮ್ಮನಿಗೆ ಹರಕೆ ಹೊತ್ತು ಕಣ್ಣೀರು ಹಾಕುವವಳು ಆಕೆ.

ಪರೀಕ್ಷೆ ಮೊದಲು, ಟೆನ್ಷನ್ ಆಮೇಲೆ

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಆರರಲ್ಲಿ ಒಬ್ಬರು ಬದುಕಿನ ಯಾವುದೋ ಹಂತದಲ್ಲಿ ಬಂಜೆತನ ಎದುರಿಸುತ್ತಾರೆ, ಮತ್ತು ಹೆಚ್ಚುಕಡಿಮೆ ಅರ್ಧದಷ್ಟು ದಂಪತಿಗಳಲ್ಲಿ ಗಂಡಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆ ಎಲ್ಲಕ್ಕಿಂತ ಅಗ್ಗದ್ದು, ನೋವಿಲ್ಲದ್ದು. ಎರಡರಿಂದ ಏಳು ದಿನ ಸ್ಖಲನವಿಲ್ಲದೆ ಮಾದರಿ ಕೊಡಬೇಕು. ಮೊದಲನೆಯದು ಸರಿಯಿಲ್ಲದಿದ್ದರೆ ಕೆಲವು ವಾರ ಬಿಟ್ಟು ಇನ್ನೊಂದು. ಅದೇ ಸಂಸ್ಥೆಯ 2021ರ ಕೈಪಿಡಿ ಹೇಳುವ ಕೆಳಗಿನ ಗೆರೆ ಮಿಲಿಲೀಟರಿಗೆ 1.6 ಕೋಟಿ, ಅವುಗಳಲ್ಲಿ ಚಲಿಸುವವು ಶೇ 42. ಇದು ಪಾಸ್ ಮಾರ್ಕಲ್ಲ. ವರ್ಷದೊಳಗೆ ತಂದೆಯಾದವರಲ್ಲೂ ನೂರಕ್ಕೆ ಐವರು ಈ ಗೆರೆಯ ಕೆಳಗೇ ಇದ್ದರು.

ಕೋಣೆಯಲ್ಲಿ ಆಗದವರಿಗೆ ದಾರಿಗಳಿವೆ, ಕೇಳಬೇಕು ಅಷ್ಟೇ. ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಹತ್ತಿರದಲ್ಲಿ ಮನೆಯಿದ್ದರೆ ಅಲ್ಲೇ ತೆಗೆದು ಒಂದು ಗಂಟೆಯೊಳಗೆ ತಂದುಕೊಡಬಹುದು. ಡಬ್ಬಿಯನ್ನು ಅಂಗಿಯ ಒಳಜೇಬಿನಲ್ಲಿ, ಮೈಯ ಬಿಸಿ ತಾಗುವಂತೆ ಇಟ್ಟುಕೊಳ್ಳಬೇಕು. ಬಳ್ಳಾರಿಯ ಏಪ್ರಿಲ್ ಬಿಸಿಲಿಗೆ ಹೆದರಿ ಒಬ್ಬರು ಐಸಿನಲ್ಲಿಟ್ಟು ತಂದಿದ್ದರು. ನಾನು ನೋಡುವ ಹೊತ್ತಿಗೆ ಎಲ್ಲವೂ ಮರಗಟ್ಟಿದ್ದವು.

ಮಾನಸಿಕ ನೆರವಿನ ವಿಷಯದಲ್ಲಿ ಬಳ್ಳಾರಿಗೆ ದೇಶದಲ್ಲೇ ಒಂದು ಹಿರಿಮೆಯಿದೆ, ಊರವರಿಗೇ ಗೊತ್ತಿಲ್ಲ. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ಮನೋರೋಗ ಚಿಕಿತ್ಸೆಯ ತರಬೇತಿ ಕೊಡುವ ಪ್ರಯೋಗವನ್ನು ಈ ಜಿಲ್ಲೆಯಲ್ಲಿ ಆರಂಭಿಸಿತು. ಅದೇ ‘ಬಳ್ಳಾರಿ ಮಾದರಿ’ಯಾಗಿ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಆಪ್ತಸಮಾಲೋಚನೆಯಿಂದ ಆತಂಕ, ಖಿನ್ನತೆ ಇಳಿಯುವುದುಂಟು. ಅದರಿಂದಲೇ ಮಗುವಾಗುತ್ತದೆಯೇ ಎಂಬುದಕ್ಕೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ನಿದ್ದೆ ಬರುವುದಕ್ಕಾಗಿ ಹೋದರೂ ಹೋದದ್ದು ಸಾರ್ಥಕವೇ.

ಜೀನ್ಸ್ ಹೊಲಿಗೆಯವನು ಹತ್ತು ದಿನ ಬಿಟ್ಟು ಬೈಕಿನಲ್ಲಿ ಬಂದ, ಡಬ್ಬಿ ಒಳಜೇಬಿನಲ್ಲಿ. ಮನೆಯಿಂದ ಇಪ್ಪತ್ತೈದು ನಿಮಿಷವಾಯಿತೆಂದ. ದ್ರವ ತಿಳಿಯಾಗಲು ಅರ್ಧ ಗಂಟೆ ಬಿಟ್ಟು ಎಣಿಸಿದೆ. ಮಿಲಿಲೀಟರಿಗೆ 1.9 ಕೋಟಿ, ಗೆರೆಯ ಸ್ವಲ್ಪ ಮೇಲೆ. ಚಲನೆ ಮಾತ್ರ ಶೇ 29. ತಿಂಗಳ ನಂತರದ ಎರಡನೆಯ ಮಾದರಿಯೂ ಹೆಚ್ಚುಕಡಿಮೆ ಹಾಗೇ ಬಂತು. ವೈದ್ಯರು ನಿಲ್ಲಿಸಿ ಮುಟ್ಟಿ ನೋಡಿದಾಗ ಎಡಗಡೆ ವೃಷಣದ ಮೇಲಿನ ರಕ್ತನಾಳಗಳು ಊದಿಕೊಂಡಿದ್ದವು. ವೇರಿಕೋಸೀಲ್. ಮಕ್ಕಳಾಗದ ಗಂಡಸರಲ್ಲಿ ಮೂರರಲ್ಲೊಬ್ಬರಿಗೆ ಸಿಗುವಂಥದ್ದು, ಚಿಕಿತ್ಸೆಯಿರುವಂಥದ್ದು.

“ಹಾಗಾದರೆ ಟೆನ್ಷನ್ ಅಲ್ಲವೇ ಸರ್?” ಎಂದು ಆತ ಕೇಳಿದ.

“ಡಬ್ಬಿ ಖಾಲಿ ಬಂದದ್ದು ಟೆನ್ಷನ್ನಿಂದ. ಇದು ಬೇರೆ” ಎಂದೆ.

ಆಕೆ ಅವನ ಎರಡೂ ರಿಪೋರ್ಟುಗಳನ್ನು ತೆಗೆದುಕೊಂಡು ಬಟ್ಟೆ ಅಂಗಡಿಯ ಚೀಲದಿಂದ ತನ್ನ ದಪ್ಪ ಫೈಲನ್ನು ಹೊರತೆಗೆದಳು. ದಾರದ ಗಂಟು ಬಿಚ್ಚುತ್ತಾ, “ಪಂಚಿಂಗ್ ಮೆಷಿನ್ ಇದೆಯಾ ಸರ್?” ಎಂದು ಕೇಳಿದಳು.